ಆನೇಕಲ್ಲಿನ ವಿಮಾನಗಳು: ಐದು ಜನ ಎಂಜಿನಿಯರ್‌ಗಳು 'ವೈಮಾನಿಕ ಶಾಸ್ತ್ರ'ವನ್ನು ಓದಿದ ಪ್ರಕರಣ

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐದು ಜನ ಸೇರಿ ಒಂದು ಸಂಸ್ಕೃತ ಪುಸ್ತಕವನ್ನು ಗಂಭೀರವಾಗಿ ಓದಿ, ಅದರ ಮೇಲೆ ಒಂದು ಪ್ರಬಂಧ ಬರೆದರು. ಹಳೇ ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರಲ್ಲ, ಅದೇ ಸಂಸ್ಥೆ. ಓದಿದವರು ಸಂಸ್ಕೃತ ವಿಭಾಗದವರಲ್ಲ, ವಿಮಾನ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನವರು: ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು. ಪುಸ್ತಕ 'ವೈಮಾನಿಕ ಶಾಸ್ತ್ರ'. ಭರದ್ವಾಜ ಮಹರ್ಷಿಗಳು ಬರೆದದ್ದು, ಅದರಲ್ಲಿ ವಿಮಾನ ಕಟ್ಟುವ ವಿದ್ಯೆ ಇದೆ ಅನ್ನುವುದು ಪ್ರಕಟಿಸಿದವರ ಮಾತು.

ಈ ಪುಸ್ತಕದ ಹೆಸರು ಕೇಳದ ಕನ್ನಡಿಗರು ಕಮ್ಮಿ. ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ, ಮದುವೆ ಮನೆಯ ಪಂಕ್ತಿಯಲ್ಲೂ ಯಾರಾದರೂ ಎತ್ತುತ್ತಾರೆ. ಆದರೆ ಇದರ ಹುಟ್ಟೂರು ನಮ್ಮ ಪಕ್ಕದಲ್ಲೇ ಇದೆ, ಬೆಂಗಳೂರಿನಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ಆನೇಕಲ್ಲಿನಲ್ಲಿ, ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಈ ಒಂದು ಪ್ರಕರಣವನ್ನು ಬುಡದಿಂದ ತುದಿಯವರೆಗೆ ಬಿಡಿಸಿ ನೋಡೋಣ.

ಆ ಐವರು ಮಾಡಿದ ಮೊದಲ ಕೆಲಸ ನನಗೆ ಬಹಳ ಇಷ್ಟ. ಲೆಕ್ಕಕ್ಕೆ ಕೂರುವ ಮೊದಲು ಈ ಪುಸ್ತಕ ಎಲ್ಲಿಂದ ಬಂತು ಎಂದು ಕೇಳಿದರು. ಅವರ ಕೈಯಲ್ಲಿದ್ದದ್ದು ಎರಡು ಮುದ್ರಣ. ಒಂದು 1959ರ ಹಿಂದಿ ಪುಸ್ತಕ, ಸ್ವಾಮಿ ಬ್ರಹ್ಮಮುನಿ ಪರಿವ್ರಾಜಕರು ಸಿದ್ಧ ಮಾಡಿದ್ದು, ದೆಹಲಿಯ ಸಾರ್ವದೇಶಿಕ ಆರ್ಯ ಪ್ರತಿನಿಧಿ ಸಭಾದಿಂದ ಬಂದದ್ದು. ಇನ್ನೊಂದು 1973ರಲ್ಲಿ ಮೈಸೂರಿನಲ್ಲಿ ಜಿ. ಆರ್. ಜೋಯಿಸರ್ ಇಂಗ್ಲಿಷ್ ಅನುವಾದದ ಜೊತೆ ತಂದದ್ದು. ಹಿಂದಿ ಪುಸ್ತಕಕ್ಕೆ ಮೂಲ ಬರೋಡದ ಸಂಸ್ಕೃತ ಗ್ರಂಥಾಲಯದಲ್ಲಿ ಸಿಕ್ಕ ಹಸ್ತಪ್ರತಿ. ಹಸ್ತಪ್ರತಿ ಅಂದಕೂಡಲೇ ತಾಳೆಗರಿ ಕಣ್ಣಿಗೆ ಬರುತ್ತದೆ ಅಲ್ವಾ? ಇಲ್ಲಿ ಇದ್ದದ್ದು ಕಾಗದ. ಪ್ರತಿಗಳ ಜಾಡು ಹಿಡಿದು ಹಿಂದೆ ಹಿಂದೆ ಹೋದಷ್ಟೂ ಒಂದೇ ಹೆಸರು ಸಿಗುತ್ತಿತ್ತು: ಜಿ. ವೆಂಕಟಾಚಲ ಶರ್ಮ, ಆನೇಕಲ್.

ಹೀಗಾಗಿ ತಂಡ ಆನೇಕಲ್ಲಿಗೇ ಹೋಯಿತು. ಶರ್ಮರು ಆಗ ಬದುಕಿದ್ದರು, ಸಿಕ್ಕರು, ಮಾತಾಡಿದರು. ಅವರು ಹೇಳಿದ್ದು ಸರಳ. ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಶ್ಲೋಕ ಹೇಳುತ್ತಿದ್ದರು, ತಾವು ಕೂತು ಬರೆದುಕೊಳ್ಳುತ್ತಿದ್ದೆವು. 1918ರಿಂದ 1923ರವರೆಗೆ ಈ ಕೆಲಸ ನಡೆಯಿತು, ನೋಟ್‌ಬುಕ್ಕುಗಳು ತುಂಬಿದವು.

ಅಂದರೆ ಈ ಪಠ್ಯಕ್ಕೆ ನಮಗೆ ಸಿಗುವ ಅತಿ ಹಳೆಯ ಭೌತಿಕ ಆಧಾರ ಆನೇಕಲ್ಲಿನ ಆ ನೋಟ್‌ಬುಕ್ಕುಗಳು. ಅದರ ಹಿಂದೆ ತಾಳೆಗರಿಯಿಲ್ಲ, ಇನ್ನೊಂದು ಮಠದಲ್ಲಿ ಇನ್ನೊಂದು ಪ್ರತಿಯೂ ಇಲ್ಲ.

ಸುಬ್ಬರಾಯ ಶಾಸ್ತ್ರಿಗಳ ಬದುಕೇ ಒಂದು ಕಥೆ. ಬಡ ಕುಟುಂಬ, ಶಾಲೆ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಕಾಯಿಲೆ ಹತ್ತಿಸಿಕೊಂಡು, ಊರೂರು ಅಲೆದವರು. ಅವರ ಆತ್ಮಕಥನದ ಪ್ರಕಾರ ಕೋಲಾರ ಸೀಮೆಯ ಆವನಿಯ ಬಳಿ ಒಬ್ಬ ಸಾಧು ಸಿಕ್ಕರು, ಕಾಯಿಲೆ ವಾಸಿ ಮಾಡಿದರು, ಹಲವು ಶಾಸ್ತ್ರಗಳನ್ನೂ ಕೊಟ್ಟರು. ಆಮೇಲೆ ಆನೇಕಲ್ಲಿಗೆ ಬಂದು ನೆಲೆಸಿದರು. ಶ್ಲೋಕಗಳು ಒಳಗಿನಿಂದ ತಾನಾಗಿ ಬರುತ್ತವೆ ಅನ್ನುವುದು ಅವರ ಭಾವನೆ. ತೀರಿಕೊಂಡದ್ದು 1940ರ ಆಸುಪಾಸಿನಲ್ಲಿ. ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಶುರು ಮಾಡಿದ್ದೂ 1940ರಲ್ಲೇ. ಅದೇ ಮುಂದೆ ಎಚ್‌ಎಎಲ್ ಆಯಿತು.

ಇವರನ್ನು ಮೋಸಗಾರ ಎಂದು ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಆ ಐವರಿಗೂ ಅನ್ನಿಸಿರಲಿಲ್ಲ. ಶಾಸ್ತ್ರಿಗಳನ್ನು ಹತ್ತಿರದಿಂದ ಕಂಡವರು ಅವರನ್ನು ದೈವಭಕ್ತ, ಸಾತ್ವಿಕ ಎಂದೇ ನೆನೆದರು. ತಂಡ ತಪ್ಪು ಹೊರಿಸಿದ್ದು ಪುಸ್ತಕ ಅಚ್ಚು ಹಾಕಿಸಿದವರ ಮೇಲೆ. ಇದು ಇಂಥ ಕಾಲದಲ್ಲಿ ಇಂಥವರು ಹೇಳಿ ಬರೆಸಿದ್ದು ಎಂದು ನೇರವಾಗಿ ಹೇಳುವ ಬದಲು, ಹಸ್ತಪ್ರತಿಯ ಚರಿತ್ರೆಯನ್ನೇ ಮಸುಕು ಮಾಡಿ ಸಾವಿರಾರು ವರ್ಷ ಹಿಂದಕ್ಕೆ ತಳ್ಳಿದರಲ್ಲ, ಆ ಕೆಲಸ. ನನ್ನ ತಕರಾರೂ ಅದೇ. ಶಾಸ್ತ್ರಿಗಳ ಹೆಸರಿನಲ್ಲೇ ಆ ಪುಸ್ತಕ ಬಂದಿದ್ದರೆ ಇವತ್ತು ಜಗಳವೇ ಇರುತ್ತಿರಲಿಲ್ಲ.

ಭಾಷೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಪಠ್ಯದ ಸಂಸ್ಕೃತ ಸಲೀಸು, ಹೊಸದು. ಹೆಚ್ಚಿನದು ಅನುಷ್ಟುಪ್ ಛಂದಸ್ಸು. ವೇದಕಾಲದ ಋಷಿ ಬರೆದದ್ದಾದರೆ ಆ ಕಾಲದ ವ್ಯಾಕರಣದ ಕುರುಹು ಎಲ್ಲಾದರೂ ಇಣುಕಬೇಕಿತ್ತು, ಇಣುಕುವುದಿಲ್ಲ. ಎಲ್ಲ ಸೇರಿಸಿ ತಂಡ ಕೊಟ್ಟ ತೀರ್ಮಾನ: ಈ ಕೃತಿಯನ್ನು 1904ಕ್ಕಿಂತ ಹಿಂದಕ್ಕೆ ಒಯ್ಯಲು ಆಗುವುದಿಲ್ಲ. ಅಮೆರಿಕದ ಕಿಟ್ಟಿ ಹಾಕ್‌ನಲ್ಲಿ ರೈಟ್ ಸಹೋದರರು ಹಾರಿದ್ದು 1903ರ ಡಿಸೆಂಬರ್ 17ಕ್ಕೆ. 1911ರ ಫೆಬ್ರವರಿಯಲ್ಲಿ ಅಲಹಾಬಾದಿನಲ್ಲಿ ವಿಮಾನ ಟಪಾಲು ಹೊತ್ತು ಹಾರಿತ್ತು. ಶಾಸ್ತ್ರಿಗಳು ಶ್ಲೋಕ ಹೇಳಲು ಕೂತ 1918ರ ಹೊತ್ತಿಗೆ ಮೊದಲ ಮಹಾಯುದ್ಧದ ವಿಮಾನಗಳ ಸುದ್ದಿ ಪತ್ರಿಕೆ ಓದುವವರಿಗೆಲ್ಲ ಗೊತ್ತಿತ್ತು.

ಈಗ ಪುಸ್ತಕದ ಒಳಗೆ ಬರೋಣ. ಇದನ್ನು ಓದದೇ ಬೈಯುವವರೂ ಓದದೇ ಹೊಗಳುವವರೂ ಜಾಸ್ತಿ.

ಎಂಟು ಅಧ್ಯಾಯ, ಸುಮಾರು 3000 ಶ್ಲೋಕ. ವಿಮಾನ ಅಂದರೆ ಏನು ಎಂಬಲ್ಲಿಂದ ಶುರು. ನಡೆಸುವವನು ತಿಳಿದಿರಬೇಕಾದ 32 ರಹಸ್ಯಗಳು, ಅವನ ಊಟ, ಅವನ ಬಟ್ಟೆ. ಲೋಹಗಳು, ಅದರಲ್ಲೂ ವಿಮಾನಕ್ಕೇ ಮೀಸಲಾದ ರಾಜಲೋಹ. ಕನ್ನಡಿಗಳು, ಯಂತ್ರಗಳು. ಕೊನೆಗೆ ನಾಲ್ಕು ವಿಮಾನಗಳ ವಿವರಣೆ: ಶಕುನ, ಸುಂದರ, ರುಕ್ಮ, ತ್ರಿಪುರ. ತ್ರಿಪುರ ನೆಲ, ನೀರು, ಗಾಳಿ ಮೂರರಲ್ಲೂ ಸಂಚರಿಸುತ್ತದಂತೆ. ಜೋಯಿಸರ್ ಪುಸ್ತಕದಲ್ಲಿರುವ ಚಿತ್ರಗಳು ತುಂಬಾ ಚೆಂದ. ಅವನ್ನು ಬರೆದವರು ಟಿ. ಕೆ. ಎಲ್ಲಪ್ಪ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ಡ್ರಾಫ್ಟ್ಸ್‌ಮನ್. ಶಾಸ್ತ್ರಿಗಳು ಹೇಳಿದಂತೆ ಬರೆದದ್ದು, ತಾರೀಖು 1923ರದ್ದು. ಡ್ರಾಫ್ಟ್ಸ್‌ಮನ್ ಕೈಯಾದ್ದರಿಂದ ಅಡ್ಡಕೊಯ್ತ, ಮೇಲುನೋಟ, ಭಾಗಗಳ ಹೆಸರು ಎಲ್ಲವೂ ಕಾರ್ಖಾನೆಯ ನಕ್ಷೆಯಂತೆ ಅಚ್ಚುಕಟ್ಟು. ಇವತ್ತಿಗೂ ಜನ ನಂಬುವುದು ಶ್ಲೋಕ ಓದಿ ಅಲ್ಲ, ಈ ಚಿತ್ರ ನೋಡಿ ಎಂದು ನನ್ನ ಗುಮಾನಿ. ಆದರೆ ತಂಡ ಗಮನಿಸಿದ್ದೇನೆಂದರೆ ಚಿತ್ರ ಒಂದು ಹೇಳುತ್ತದೆ, ಪಠ್ಯ ಇನ್ನೊಂದು ಹೇಳುತ್ತದೆ.

ಶಕುನವನ್ನೇ ತಗೊಳ್ಳಿ. ಹಕ್ಕಿಯ ಹೆಸರು. ಎರಡು ರೆಕ್ಕೆ ಇದೆ, ಬಾಲ ಇದೆ. ಜೊತೆಗೆ ನಡುವೆ ಟೊಳ್ಳು ಕಂಬ, ಗಾಳಿ ಎಳೆಯುವ ಕೊಳವೆ, ಎಣ್ಣೆ ತೊಟ್ಟಿ, ಒಲೆ, ನೀರು, ವಿದ್ಯುತ್ ಯಂತ್ರ, ಸೂರ್ಯಕಿರಣ ಸೆಳೆಯುವ ಮಣಿ. ಭಾಗಗಳ ಪಟ್ಟಿ ಹನುಮಂತನ ಬಾಲ. ಓದುತ್ತಾ ಹೋದರೆ ತಯಾರಿಸಿದವನಿಗೆ ಎಲ್ಲ ಗೊತ್ತಿತ್ತು ಅನ್ನಿಸಿಬಿಡುತ್ತದೆ. ಆದರೆ ಹಾರುವುದಕ್ಕೆ ಬೇಕಾದ ಪ್ರಶ್ನೆಗಳನ್ನು ಕೇಳಿ ನೋಡಿ. ರೆಕ್ಕೆ ಗಾಳಿಗೆ ಎಷ್ಟು ಓರೆಯಾಗಿರಬೇಕು? ಅದರ ಬೆನ್ನು ಎಷ್ಟು ಬಾಗಿರಬೇಕು? ತೂಕದ ನಡುಬಿಂದು ಎಲ್ಲಿ ಬೀಳಬೇಕು, ಮುಂದೆ ಬಿದ್ದರೆ ಏನು, ಹಿಂದೆ ಬಿದ್ದರೆ ಏನು? ಮೇಲೇಳಲು ಎಷ್ಟು ವೇಗ? ಈ ಪ್ರಶ್ನೆಗಳೇ ಅಲ್ಲಿ ಏಳುವುದಿಲ್ಲ.

ನಾಲ್ಕರಲ್ಲಿ ತಂಡಕ್ಕೆ ಒಂದಿಷ್ಟಾದರೂ ಅರ್ಥವಿದೆ ಅನ್ನಿಸಿದ್ದು ರುಕ್ಮ ಮಾತ್ರ. ಉದ್ದದ ನೆಟ್ಟನೆಯ ಕೊಳವೆಗಳು, ಅವುಗಳ ತುದಿಯಲ್ಲಿ ಫ್ಯಾನು, ಮೇಲಿನ ಗಾಳಿಯನ್ನು ಎಳೆದು ಕೆಳಕ್ಕೆ ದೂಡುವುದು. ಗಾಳಿಯನ್ನು ಕೆಳಗೆ ದೂಡಿದರೆ ಯಂತ್ರ ಮೇಲೆ ಹೋಗುತ್ತದೆ, ಇದು ಸರಿಯಾದ ತತ್ವವೇ. ಹೆಲಿಕಾಪ್ಟರ್ ಮಾಡುವುದೂ ಅದನ್ನೇ. ಹಾಗಾದರೆ ಆಗಬಹುದಿತ್ತಲ್ಲ ಅನ್ನುವವರಿಗಾಗಿ ಒಂದು ಕಚ್ಚಾ ಲೆಕ್ಕ ಹಾಕೋಣ. ಇದು ನನ್ನ ಲೆಕ್ಕ, ಅವರದ್ದಲ್ಲ, ಪಿಯುಸಿ ಭೌತಶಾಸ್ತ್ರ ಸಾಕು.

ಚಿತ್ರದ ರುಕ್ಮ ದೇವಸ್ಥಾನದ ಗೋಪುರದ ಹಾಗೆ ಅಂತಸ್ತು ಅಂತಸ್ತಾಗಿ ನಿಂತಿದೆ. ಲೋಹದ್ದು ಬೇರೆ. ಧಾರಾಳವಾಗಿ ರಿಯಾಯಿತಿ ಕೊಟ್ಟು ತೂಕ ಬರೀ 10 ಟನ್ ಅಂತಿಟ್ಟುಕೊಳ್ಳಿ. ಅದನ್ನು ಗಾಳಿಯಲ್ಲಿ ಸುಮ್ನೆ ನಿಲ್ಲಿಸಲು ಸುಮಾರು 98,000 ನ್ಯೂಟನ್ ಬಲ ಬೇಕು. ಫ್ಯಾನು ಗಾಳಿಯನ್ನು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಕೆಳಗೆ ತಳ್ಳುತ್ತದೆ ಅಂದುಕೊಂಡರೆ, ಪ್ರತಿ ಸೆಕೆಂಡಿಗೆ 3,200 ಕಿಲೋಗ್ರಾಂಗಿಂತ ಜಾಸ್ತಿ ಗಾಳಿ ಹಾಯಬೇಕು. ಅದು ಸುಮಾರು 2,700 ಘನ ಮೀಟರ್. ಅಷ್ಟು ಗಾಳಿ ಹಾಯಲು ಕೊಳವೆಗಳ ಬಾಯಿ ಎಲ್ಲ ಸೇರಿ 90 ಚದರ ಮೀಟರ್ ಇರಬೇಕು. ಒಂದು ಚೂರೂ ಪೋಲಾಗದಿದ್ದರೂ ಬೇಕಾಗುವ ಶಕ್ತಿ ಸುಮಾರು 2,000 ಅಶ್ವಶಕ್ತಿ. ಕಿಟ್ಟಿ ಹಾಕ್‌ನಲ್ಲಿ ಓಡಿದ ಎಂಜಿನ್‌ನ ಶಕ್ತಿ 12 ಅಶ್ವಶಕ್ತಿ, ತೂಕ ಸುಮಾರು 80 ಕಿಲೋ. ಅದೇ ದರದಲ್ಲಿ 2,000 ಅಶ್ವಶಕ್ತಿ ಕೂಡಿಸಿದರೆ ಎಂಜಿನ್‌ಗಳೇ 13 ಟನ್ ದಾಟುತ್ತವೆ. ಗೋಪುರ, ಜನ, ಎಣ್ಣೆ ಎಲ್ಲ ಸೇರಿ 10 ಟನ್ ಎಂದುಕೊಂಡಿದ್ದೆವು!

ಹಾಗಿದ್ದರೆ ರೈಟ್ ಸಹೋದರರು 12 ಅಶ್ವಶಕ್ತಿಯಲ್ಲಿ ಹೇಗೆ ಹಾರಿದರು? ರೆಕ್ಕೆಯಿಂದ. ಅವರ ಯಂತ್ರ, ಮನುಷ್ಯ ಸೇರಿ ಸುಮಾರು 340 ಕಿಲೋ. ಮುಂದಕ್ಕೆ ಓಡುತ್ತಾ, ಅಗಲ ರೆಕ್ಕೆಯಿಂದ ತುಂಬಾ ಗಾಳಿಯನ್ನು ಸ್ವಲ್ಪವೇ ಸ್ವಲ್ಪ ಕೆಳಕ್ಕೆ ಬಾಗಿಸಿದರು. ಬರೀ ಫ್ಯಾನಿನ ಬಲದಲ್ಲಿ ನೆಟ್ಟಗೆ ಏಳುವುದಕ್ಕಿಂತ ಇದು ಎಷ್ಟೋ ಅಗ್ಗ. ಎತ್ತುವ ಕೆಲಸ ರೆಕ್ಕೆಗೆ, ಮುಂದೂಡುವ ಕೆಲಸ ಬೇರೆ ಯಂತ್ರಕ್ಕೆ ಎಂದು ಎರಡನ್ನೂ ಬೇರ್ಪಡಿಸಿ ಯೋಚಿಸಿದ್ದು ಇಂಗ್ಲೆಂಡಿನ ಜಾರ್ಜ್ ಕೇಲಿ, 1799ರಲ್ಲಿ. ವೈಮಾನಿಕ ಶಾಸ್ತ್ರದ ಯಾವ ವಿಮಾನದಲ್ಲೂ ಈ ಬೇರ್ಪಡೆ ಕಾಣುವುದಿಲ್ಲ. ತಂಡ ತುಂಬಾ ಖಾರವಾಗಿಯೇ ಬರೆಯಿತು. ಈ ನಾಲ್ಕರಲ್ಲಿ ಯಾವುದಕ್ಕೂ ಹಾರುವ ಗುಣವಿಲ್ಲ, ಆಕಾರಗಳು ಹಾರಾಟದ ದೃಷ್ಟಿಯಿಂದ ಭಯಂಕರ, ಮುಂದೂಡುವ ವ್ಯವಸ್ಥೆ ಹಾರಾಟಕ್ಕೆ ನೆರವಾಗುವ ಬದಲು ಅಡ್ಡಿಯಾಗುತ್ತದೆ ಅನ್ನುವುದು ಅವರ ಮಾತಿನ ಸಾರಾಂಶ.

ಈ ಲೆಕ್ಕಗಳಿಗಿಂತಲೂ ನನಗೆ ದೊಡ್ಡ ಸಾಕ್ಷಿ ಅನ್ನಿಸುವುದು ಬೇರೆ. ಆ ಪುಸ್ತಕದಲ್ಲಿ ಒಬ್ಬರೂ ಬೀಳುವುದಿಲ್ಲ.

ಹಾರಲು ನಿಜವಾಗಿ ಹೊರಟವರ ಚರಿತ್ರೆ ತೆಗೆದರೆ ಬರೀ ಮುರಿದ ಮೂಳೆ. ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕೊರ್ಡೊಬಾದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಗರಿ ಕಟ್ಟಿಕೊಂಡು ಹಾರಿದ, ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತು. ಹಕ್ಕಿ ಇಳಿಯುವಾಗ ಬಾಲ ಬಳಸುತ್ತದೆ, ಇವನು ಬಾಲವನ್ನೇ ಮರೆತಿದ್ದ ಎಂದು ಆಮೇಲೆ ಬರೆದರು. ಹನ್ನೊಂದನೇ ಶತಮಾನದಲ್ಲಿ ಇಂಗ್ಲೆಂಡಿನ ಮಾಮ್ಸ್‌ಬರಿಯ ಸನ್ಯಾಸಿ ಐಲ್ಮರ್ ಗೋಪುರದ ಮೇಲಿಂದ ಹಾರಿ ಇನ್ನೂರು ಮೀಟರ್‌ನಷ್ಟು ತೇಲಿ ಎರಡೂ ಕಾಲು ಮುರಿದುಕೊಂಡ. ಅವನು ಕೊಟ್ಟ ಕಾರಣವೂ ಅದೇ, ಬಾಲ ಕಟ್ಟಿಕೊಳ್ಳಲಿಲ್ಲ. ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು, ನೂರು ವರ್ಷಕ್ಕೂ ಹೆಚ್ಚಿನ ಅಂತರ, ಬಿದ್ದು ಕಲಿತ ಪಾಠ ಮಾತ್ರ ಒಂದೇ. ಜರ್ಮನಿಯ ಓಟೋ ಲಿಲಿಯೆಂಥಾಲ್ 2,000ಕ್ಕೂ ಹೆಚ್ಚು ಸಲ ಗ್ಲೈಡರ್‌ನಲ್ಲಿ ತೇಲಿದ, 1896ರ ಆಗಸ್ಟ್‌ನಲ್ಲಿ ಬಿದ್ದು ಸತ್ತ. ಯಾವ ರೆಕ್ಕೆ ಎಷ್ಟು ಎತ್ತುತ್ತದೆ ಎಂದು ಅವನು ಬರೆದಿಟ್ಟ ಕೋಷ್ಟಕಗಳನ್ನು ಹಿಡಿದುಕೊಂಡು ರೈಟ್ ಸಹೋದರರು ಶುರು ಮಾಡಿದರು. 1901ರ ಗ್ಲೈಡರ್ ನಿರೀಕ್ಷಿಸಿದಷ್ಟು ಮೇಲೇಳಲಿಲ್ಲ. ತಲೆ ಕೆಟ್ಟು, ಗಾಳಿ ಹಾಯಿಸಿ ರೆಕ್ಕೆ ಪರೀಕ್ಷಿಸುವ ಒಂದು ಗಾಳಿ ಸುರಂಗವನ್ನು ತಾವೇ ಮಾಡಿ ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು.

ನಿಜವಾಗಿ ಯಾರಾದರೂ ವಿಮಾನ ಕಟ್ಟಿದ್ದರೆ ಅವರ ಶಾಸ್ತ್ರದಲ್ಲಿ "ಹೀಗೆ ಮಾಡಬೇಡ, ಮಾಡಿದರೆ ಮಗುಚುತ್ತದೆ" ಅನ್ನುವ ಸಾಲು ಬರಲೇಬೇಕು. ನಮ್ಮ ಅಡುಗೆಯವರು, ಬಡಗಿಗಳು, ಕಮ್ಮಾರರು ಯಾರನ್ನೇ ಕೇಳಿ, ಅರ್ಧ ಮಾತು ಅದೇ ಇರುತ್ತದೆ. ವೈಮಾನಿಕ ಶಾಸ್ತ್ರದಲ್ಲಿ ಅಪಾಯಗಳಿವೆ, ಇಲ್ಲವೆಂದಲ್ಲ. ಶತ್ರು ಬರುತ್ತಾನೆ, ಆಕಾಶದಲ್ಲಿ ಉರಿಯಿದೆ, ಅದಕ್ಕೊಂದು ರಹಸ್ಯ, ಇದಕ್ಕೊಂದು ಕನ್ನಡಿ. ಆದರೆ ಕಟ್ಟಿದವನ ಕೈಯಲ್ಲಿ ಕೆಟ್ಟುಹೋದ ವಿಮಾನ ಒಂದೂ ಇಲ್ಲ.

ಕಟ್ಟುವ ಪ್ರಯತ್ನ ಒಂದು ನಡೆದಿತ್ತು ಅನ್ನಿ. ಮುಂಬಯಿಯ ಶಿವಕರ್ ಬಾಪೂಜಿ ತಳ್ಪಾಡೆ ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಕೆಲವು ಮಾದರಿ ಮಾಡಿದ್ದರು. ಹಾರಲಿಲ್ಲ. ಹಾಗೆಂದು ತಂಡಕ್ಕೆ ತಿಳಿದದ್ದು ಶಾಸ್ತ್ರಿಗಳ ಕಡೆಯವರಿಂದಲೇ. 1895ರಲ್ಲಿ ಇದೇ ತಳ್ಪಾಡೆ ಚೌಪಾಟಿ ಕಡಲ ದಂಡೆಯಲ್ಲಿ ಮನುಷ್ಯರಿಲ್ಲದ ವಿಮಾನ ಹಾರಿಸಿದರು, ರೈಟ್ ಸಹೋದರರಿಗಿಂತ ಎಂಟು ವರ್ಷ ಮೊದಲು, ಎಂಬ ಕಥೆ ಇನ್ನೊಂದು ಕಡೆ ಬೆಳೆದಿದೆ. ಅದಕ್ಕೆ ನಂಬಬಹುದಾದ ಸಮಕಾಲೀನ ಪುರಾವೆ ಈವರೆಗೆ ಯಾರೂ ಮುಂದಿಟ್ಟಿಲ್ಲ. ಹಾರದ ಮಾದರಿಗಳು ಯಾಕೆ ಹಾರಲಿಲ್ಲ ಎಂದು ಯಾರಾದರೂ ಬರೆದಿಟ್ಟಿದ್ದರೆ ಅದು ನನಗೆ ಮೂರು ಸಾವಿರ ಶ್ಲೋಕಕ್ಕಿಂತ ಹೆಚ್ಚು ಬೆಲೆಯದ್ದಾಗಿರುತ್ತಿತ್ತು.

ಹಾಗಂತ ನಮ್ಮವರು ಹಾರುವ ಕನಸೇ ಕಂಡಿರಲಿಲ್ಲವಾ? ಕಂಡಿದ್ದರು, ಬೇಕಾದಷ್ಟು. ರಾಮಾಯಣದ ಪುಷ್ಪಕ ಕುಬೇರನದ್ದು, ರಾವಣ ಕಿತ್ತುಕೊಂಡದ್ದು, ರಾಮ ಅದರಲ್ಲಿ ಅಯೋಧ್ಯೆಗೆ ಮರಳಿ ಕುಬೇರನಿಗೇ ವಾಪಸ್ ಕಳಿಸಿದ್ದು. ಮನಸ್ಸಿನಲ್ಲಿ ನೆನೆದರೆ ಹೊರಡುತ್ತದೆ, ಅದಕ್ಕೆ ಒಲೆ ಬೇಡ, ಎಣ್ಣೆ ಬೇಡ, ಕವಿ ಅದನ್ನು ಯಂತ್ರವೆಂದು ವಾದಿಸುವುದೂ ಇಲ್ಲ. ಪಂಚತಂತ್ರದಲ್ಲಿ ನೇಕಾರನೊಬ್ಬ ಮರದ ಗರುಡನ ಮೇಲೆ ಕೂತು, ತಾನೇ ವಿಷ್ಣು ಅಂತ ಹೇಳಿಕೊಂಡು ರಾಜಕುಮಾರಿಯ ಮಹಡಿಗೆ ಹಾರುತ್ತಾನೆ. ಆ ಗರುಡನಿಗೆ ಕೀಲಿಯಿದೆ, ಮಾಡಿಕೊಟ್ಟ ಗೆಳೆಯ ಬಡಗಿ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಕುತೂಹಲದ್ದು ಭೋಜರಾಜನ ಸಮರಾಂಗಣ ಸೂತ್ರಧಾರ. ಹನ್ನೊಂದನೇ ಶತಮಾನದ್ದು, ಧಾರಾ ನಗರದ ಪರಮಾರ ರಾಜ. ಇದು ಅಚ್ಚಾಗಿದ್ದು 1924ರ ಹೊತ್ತಿಗೆ, ಬರೋಡದಿಂದ. ಮುಖ್ಯವಾಗಿ ವಾಸ್ತುಶಿಲ್ಪದ ಗ್ರಂಥ, ಅದರ 31ನೇ ಅಧ್ಯಾಯ ಯಂತ್ರಗಳದ್ದು. ಅಲ್ಲಿ ಹಗುರ ಮರದ ದೊಡ್ಡ ಹಕ್ಕಿ, ಒಳಗೆ ಪಾದರಸ, ಅದರ ಕೆಳಗೆ ಬೆಂಕಿ, ಮೇಲೆ ಕೂತವನು ದೂರ ಹೋಗುತ್ತಾನೆ ಎಂದು ಕೆಲವೇ ಶ್ಲೋಕ. ಪಾದರಸ ಕಾಯಿಸಿ ಹಾರಲಾಗದು, ವಿಷದ ಹೊಗೆ ಕುಡಿಯಬಹುದಷ್ಟೆ. ಆದರೂ ನೋಡಿ, ಭೋಜ ಮರ ಹಗುರವಾಗಿರಬೇಕು ಅನ್ನುತ್ತಾನೆ. ತೂಕ ಸಮಸ್ಯೆ ಎಂದು ಅವನಿಗೆ ತೋಚಿತ್ತು. ಕಟ್ಟುವ ವಿವರ ಯಾಕೆ ಬರೆದಿಲ್ಲ ಎಂದರೆ ಗೊತ್ತಿಲ್ಲದ್ದಕ್ಕಲ್ಲ, ಗುಟ್ಟು ಕಾಯಲಿಕ್ಕೆ ಎಂದು ತಾನೇ ಸಮಜಾಯಿಷಿಯನ್ನೂ ಕೊಡುತ್ತಾನೆ. ಈ ಜಾಣತನ ನನಗೆ ಮಜಾ ಕೊಡುತ್ತದೆ. ಪ್ರಾಚೀನ ಭಾರತದಲ್ಲಿ ಹಾರಾಟದ ಬಗ್ಗೆ ಏನು ಯೋಚಿಸಿದ್ದರು ಎಂದು ತಿಳಿಯಬೇಕಾದವರು ಓದಬೇಕಾದದ್ದು ಇಂಥವನ್ನು. ಇವುಗಳ ಕಾಲ ಗೊತ್ತು, ಪ್ರತಿಗಳಿವೆ. ಆದರೆ ಆನೇಕಲ್ಲಿನ ಪುಸ್ತಕದ ಅಬ್ಬರದಲ್ಲಿ ಭೋಜನ ಹಕ್ಕಿ ಮೂಲೆ ಸೇರಿದೆ.

ಪ್ರಬಂಧ ಬಂದಮೇಲೆ ವಿಷಯ ಮುಗಿಯಿತಾ? ಎಲ್ಲಿ ಮುಗಿಯುತ್ತದೆ! 2015ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ 102ನೇ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ, ಸಂಸ್ಕೃತದ ಮೂಲಕ ಪ್ರಾಚೀನ ವಿಜ್ಞಾನ ಎಂಬ ಗೋಷ್ಠಿಯಲ್ಲಿ, ಪೈಲಟ್ ತರಬೇತಿಯಲ್ಲಿದ್ದು ನಿವೃತ್ತರಾದ ಒಬ್ಬರು ಇದೇ ಭರದ್ವಾಜ ಶಾಸ್ತ್ರವನ್ನು ಮುಂದಿಟ್ಟರು. ಗ್ರಹದಿಂದ ಗ್ರಹಕ್ಕೆ ಹೋಗುವ ವಿಮಾನಗಳಿದ್ದವು ಎಂದರು. ದೇಶ ವಿದೇಶದಲ್ಲಿ ಸುದ್ದಿಯಾಯಿತು, ಗಲಾಟೆಯಾಯಿತು. ಆಗ ಎಲ್ಲರೂ ಹುಡುಕಿ ತೆಗೆದದ್ದು ನಲವತ್ತು ವರ್ಷ ಹಳೆಯ ಅದೇ ಎಂಟು ಪುಟದ ಪ್ರಬಂಧವನ್ನು. ಮುಕುಂದರು ಮತ್ತೆ ಪತ್ರಕರ್ತರಿಗೆ ಅದನ್ನೇ ಹೇಳಬೇಕಾಯಿತು.

ಈ ಐವರಿಗೆ ಪರಂಪರೆ ಕಂಡರೆ ಆಗದು, ಪಾಶ್ಚಾತ್ಯರ ಗುಲಾಮರು ಎಂದೆಲ್ಲ ಬೈಗುಳ ಬಂತಲ್ಲ, ಅದಕ್ಕೊಂದು ಉತ್ತರ ಇದೇ ಆನೇಕಲ್ ತಾಲ್ಲೂಕಿನಲ್ಲಿದೆ. ಐವರಲ್ಲಿ ಒಬ್ಬರಾದ ಎಚ್. ಆರ್. ನಾಗೇಂದ್ರ ಎಂಜಿನಿಯರಿಂಗ್ ಬಿಟ್ಟು ಯೋಗದ ಕಡೆ ಹೊರಳಿದರು. ಜಿಗಣಿ ಬಳಿಯ ಪ್ರಶಾಂತಿ ಕುಟೀರಂನಲ್ಲಿ ಯೋಗ ವಿಶ್ವವಿದ್ಯಾಲಯ ಕಟ್ಟಿದರು, 2016ರಲ್ಲಿ ಪದ್ಮಶ್ರೀಯೂ ಬಂತು. ಯೋಗಕ್ಕೆ ಜೀವನ ಕೊಟ್ಟವರ ಸಹಿಯೇ ಆ ಪ್ರಬಂಧದ ಕೆಳಗಿದೆ. ವಿಮಾನದ ಲೆಕ್ಕ ಬಂದಾಗ ಅವರು ಲೆಕ್ಕವನ್ನಷ್ಟೇ ನೋಡಿದರು.

ಎಲ್ಲಪ್ಪನವರ ಚಿತ್ರಗಳ ಬಗ್ಗೆ ನನ್ನದೊಂದು ಆಸೆಯಿದೆ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಇವನ್ನು ದೊಡ್ಡದಾಗಿ ಮಾಡಿಸಿ ನೇತು ಹಾಕಬೇಕು. ವಿಮಾನ ಅಂದರೇನು ಎಂದು ಪತ್ರಿಕೆಯಲ್ಲಷ್ಟೇ ಓದಿ ತಿಳಿದಿದ್ದ ಕಾಲದಲ್ಲಿ, ಶಾಲೆಗೆ ಹೋಗದ ಒಬ್ಬ ಪಂಡಿತರು ಮತ್ತು ಕಾಲೇಜಿನ ಒಬ್ಬ ಡ್ರಾಫ್ಟ್ಸ್‌ಮನ್ ಕೂತು ಕಲ್ಪಿಸಿಕೊಂಡ ವಿಮಾನಗಳವು, ಅವುಗಳಿಗೆ ಆ ಗೌರವ ಸಲ್ಲಬೇಕು. ಕೆಳಗಿನ ಫಲಕದಲ್ಲಿ ಮಾತ್ರ ಇಬ್ಬರ ಹೆಸರೂ ಇರಲಿ, ಊರು ಆನೇಕಲ್ ಎಂದಿರಲಿ, ಇಸವಿ 1923 ಎಂದು ಸರಿಯಾಗಿ ಬರೆದಿರಲಿ.